ಕೆಂಪು ಕೈಗಾಡಿ, ಬಿಳಿ ಕೋಳಿ ಮತ್ತು ನಿಂತ ಮಳೆ

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದು ಆರು ವಾರ ಆಯಿತು. ತಡವಾದದ್ದಕ್ಕೆ ಕ್ಷಮಿಸಿ. ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸಬಹುದಿತ್ತು, ಬರೆದೂ ಇಟ್ಟಿದ್ದೆ. ಆದರೆ ನಿಮ್ಮ ಪತ್ರದ ಮೂರನೇ ಪುಟದಲ್ಲಿ ಕೋಳಿಗಳ ಬಗ್ಗೆ ಒಂದು ಮಾತಿದೆಯಲ್ಲ, ಅದು ನನ್ನ ನಾಲ್ಕು ಸಾಲನ್ನೂ ಕೆಡಿಸಿಬಿಟ್ಟಿತು.

ಉಳಿದ ಓದುಗರಿಗಾಗಿ ಪತ್ರದ ವಿಷಯ ಇಷ್ಟು. ಪತ್ರ ಬರೆದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮಗಳು ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದುತ್ತಿದ್ದಾಳೆ. ಒಂದು ಸಂಜೆ ಅವಳ ಪಠ್ಯದಲ್ಲಿ ಎಂಟೇ ಸಾಲಿನ ಒಂದು ಕವಿತೆ ಕಣ್ಣಿಗೆ ಬಿತ್ತು. ಅಮೆರಿಕದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಬರೆದ 'ದ ರೆಡ್ ವೀಲ್‌ಬ್ಯಾರೋ'. ಮಳೆನೀರಿನಿಂದ ಮಿರುಗುವ ಒಂದು ಕೆಂಪು ಕೈಗಾಡಿ, ಪಕ್ಕದಲ್ಲಿ ಬಿಳಿ ಕೋಳಿಗಳು, ಅದರ ಮೇಲೆ 'ಎಷ್ಟೊಂದು' ಅವಲಂಬಿಸಿದೆ ಅಂತ. ಮುಗಿಯಿತು. ಪಕ್ಕದ ನೋಟ್ಸ್‌ನಲ್ಲಿ ಕೆಂಪು ಅಂದರೆ ಜೀವ, ಬಿಳಿ ಅಂದರೆ ಪಾವಿತ್ರ್ಯ, ಮಳೆ ಅಂದರೆ ಪುನರ್ಜನ್ಮ ಎಂದಿತ್ತಂತೆ. ಜೊತೆಗೆ ಒಂದು ಕಥೆ. ಕವಿ ವೃತ್ತಿಯಿಂದ ವೈದ್ಯರು, ಸಾಯುವ ಸ್ಥಿತಿಯಲ್ಲಿದ್ದ ಮಗುವಿನ ಹಾಸಿಗೆ ಪಕ್ಕ ಕೂತಿದ್ದಾಗ ಕಿಟಕಿಯಾಚೆ ಈ ಗಾಡಿ ಕಂಡಿತು, ಆಗ ಬರೆದರು ಅಂತ.

ನಮ್ಮ ಓದುಗರು ಕೇಳಿದ್ದು ಮೂರು. ಇದು ಕವಿತೆ ಹೇಗಾಯಿತು? ಏನು ಅವಲಂಬಿಸಿದೆ ಅಂತ ಕವಿ ಯಾಕೆ ಹೇಳಲಿಲ್ಲ? ಮಗುವಿನ ಕಥೆ ಗೊತ್ತಿಲ್ಲದವನು ಇದನ್ನು ಓದಿ ಏನು ಮಾಡಬೇಕು?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿ ಈ ಕವಿತೆ ಮೊದಲ ಸಲ ಓದಿದಾಗ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ 'ಇದು ಕವಿತೆಯೋ ಸಾಮಾನಿನ ಪಟ್ಟಿಯೋ?' ಅಂತ ಬರೆದಿದ್ದೆ. ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಪೆನ್ಸಿಲ್ ಅಳಿಸಿಲ್ಲ.

ಇನ್ನು ಮಗುವಿನ ಕಥೆ. ನೀವು ಅದನ್ನು ಮರೆತುಬಿಡಬಹುದು. ತರಗತಿಯಿಂದ ತರಗತಿಗೆ ಈ ಕಥೆ ಓಡಾಡುತ್ತಲೇ ಇದೆ, ನನಗೂ ಹೀಗೇ ಹೇಳಿದ್ದರು. ಆದರೆ ವಿಲಿಯಮ್ಸ್ ಈ ಕವಿತೆಯ ಹುಟ್ಟಿನ ಬಗ್ಗೆ ತಾವೇ ಬರೆದದ್ದಿದೆ. 1933ರಲ್ಲಿ, ಐವತ್ತು ಕವಿಗಳು ತಮ್ಮದೇ ಒಂದೊಂದು ಕವಿತೆಯನ್ನು ಆರಿಸಿಕೊಟ್ಟ ಒಂದು ಸಂಕಲನಕ್ಕೆ ಅವರು ಆರಿಸಿದ್ದು ಇದನ್ನೇ. ತಮ್ಮ ಊರಿನ ಹಿಂದಿನ ಬೀದಿಯಲ್ಲಿ ಆಫ್ರಿಕನ್ ಅಮೆರಿಕನ್ ಮುದುಕರೊಬ್ಬರ ಮನೆಯ ಕಿಟಕಿಯಾಚೆ ಆ ಗಾಡಿ ನಿಂತಿತ್ತು, ಜೋರು ಮಳೆ, ಬಿಳಿ ಕೋಳಿಗಳು ಅದರಲ್ಲೇ ಓಡಾಡುತ್ತಿದ್ದವು, ಅಷ್ಟು ಮುಖ್ಯವಾದ ದೃಶ್ಯ ಇನ್ನೊಂದಿಲ್ಲ ಅನ್ನಿಸಿತು ಅಂತ ಬರೆದರು. ಮತ್ತೆ 1954ರಲ್ಲಿ ಒಂದು ನಿಯತಕಾಲಿಕಕ್ಕೆ ಬರೆದಾಗ ಆ ಹಿರಿಯರ ಹೆಸರನ್ನೂ ಹೇಳಿದರು. ಮಾರ್ಷಲ್. ಹಿಂದೆ ಮೀನುಗಾರರಾಗಿದ್ದವರು. ಗ್ಲಾಸ್ಟರ್ ಕಡಲಿನಲ್ಲಿ ಹಿಡಿದ ಮೀನನ್ನು ಪುಡಿ ಮಂಜುಗಡ್ಡೆಯಲ್ಲಿ ಪಾದ ಮುಳುಗಿಸಿ ನಿಂತು ತುಂಬುತ್ತಿದ್ದರಂತೆ. ಚಳಿ ಅಂದರೇನು ಅಂತ ಇತ್ತೀಚಿನವರೆಗೂ ತನಗೆ ಗೊತ್ತೇ ಇರಲಿಲ್ಲ ಅನ್ನುತ್ತಿದ್ದರಂತೆ. ಆ ಮನುಷ್ಯ ನನಗೆ ಇಷ್ಟ, ಅವರ ಮಗ ಮಿಲ್ಟನ್ ಕೂಡ ಹೆಚ್ಚು ಕಡಿಮೆ ಅಷ್ಟೇ ಇಷ್ಟ, ಆ ಪ್ರೀತಿ ಹೇಗೋ ಬರವಣಿಗೆಯೊಳಗೆ ಸೇರಿಕೊಂಡಿರಬೇಕು, ಅಂದರು ವಿಲಿಯಮ್ಸ್. ಎರಡೂ ಕಡೆ ಮಗುವಿನ ಸುದ್ದಿ ಇಲ್ಲ.

ಬಹಳ ವರ್ಷ ಆ ಮಾರ್ಷಲ್ ಬರೀ ಒಂದು ಹೆಸರಾಗಿ ಉಳಿದಿದ್ದರು. ಕವಿ-ವಿಮರ್ಶಕ ವಿಲಿಯಂ ಲೋಗನ್ ಹಳೆಯ ಜನಗಣತಿ ದಾಖಲೆ ಜಾಲಾಡಿ ಪೂರ್ತಿ ಹೆಸರು ಹುಡುಕಿದರು. ಥ್ಯಾಡಿಯಸ್ ಮಾರ್ಷಲ್. ನ್ಯೂಜೆರ್ಸಿಯ ರುದರ್‌ಫರ್ಡ್ ಎಂಬ ಊರಿನಲ್ಲಿ, ವಿಲಿಯಮ್ಸ್ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಬೀದಿ ವ್ಯಾಪಾರಿ. ಮೊಟ್ಟೆ, ತರಕಾರಿ ಮಾರುತ್ತಿದ್ದವರು. ಅವರ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 2015ರಲ್ಲಿ ನೆಟ್ಟರು. ಅಷ್ಟು ಹೊತ್ತಿಗೆ ಕವಿತೆಗೆ ತೊಂಬತ್ತು ದಾಟಿತ್ತು.

ಮಗುವಿನ ಕಥೆ ಯಾಕೆ ಇಷ್ಟು ಗಟ್ಟಿಯಾಗಿ ನಿಂತಿತು? ನಮಗೆ ಗಾಡಿ ಸಾಕಾಗುವುದಿಲ್ಲ, ಅದಕ್ಕೆ. ಬರೀ ಒಂದು ಗಾಡಿಯನ್ನು ಒಬ್ಬ ಓದಿದ ಮನುಷ್ಯ ಇಷ್ಟು ಹೊತ್ತು ನೋಡಿದ ಅಂದರೆ ನಂಬುವುದು ಕಷ್ಟ. ಹಿಂದೆ ಒಂದು ಸಾವು ಇಟ್ಟುಬಿಟ್ಟರೆ ಸಮಾಧಾನ. ನಿಜವಾದ ಕಥೆಯಲ್ಲಿ ಸಾವಿಲ್ಲ. ಒಬ್ಬ ಮುದುಕರ ಹಿತ್ತಿಲು ಇದೆ, ಅವರ ಮೇಲೆ ಡಾಕ್ಟರಿಗಿದ್ದ ಪ್ರೀತಿ ಇದೆ. ನನಗೆ ಇದೇ ಹೆಚ್ಚು ಇಷ್ಟ. ಆದರೆ ಇದೂ ಕವಿತೆಯ 'ಅರ್ಥ' ಅಲ್ಲ. ಮಾರ್ಷಲ್ ಹೆಸರು ತಿಳಿಯದೆ ಓದಿದವರೆಲ್ಲ ಸುಮ್ನೆ ಓದಿದರು ಅಂತ ಹೇಳಕ್ಕಾಗಲ್ಲ. ಮಾರ್ಷಲ್ ಕವಿತೆಯೊಳಗೆ ಇಲ್ಲ. ಅವರ ಗಾಡಿ ಇದೆ.

ಈಗ ಕವಿತೆಗೆ ಬರೋಣ. ಕನ್ನಡಕ್ಕೆ ತರಲು ಈ ಆರು ವಾರ ಒದ್ದಾಡಿದ್ದೇನೆ. ನಮ್ಮ ಭಾಷೆಯ ಸಹಜ ಕ್ರಮದಲ್ಲಿ ಹಾಕಿದರೆ ಹೀಗಾಗುತ್ತದೆ:

ಬಿಳಿ ಕೋಳಿಗಳ ಪಕ್ಕ ಮಳೆನೀರಿನ ಮೆರುಗು ಹೊತ್ತ ಒಂದು ಕೆಂಪು ಕೈಗಾಡಿಯ ಮೇಲೆ ಎಷ್ಟೊಂದು ಅವಲಂಬಿಸಿದೆ.

ವಾಕ್ಯ ಸರಿ ಇದೆ. ಕವಿತೆ ಸತ್ತಿದೆ. ಯಾಕೆ ಅಂದರೆ ಎಲ್ಲ ತಿರುವುಮುರುವಾಗಿದೆ. ಮೂಲದಲ್ಲಿ 'ಎಷ್ಟೊಂದು ಅವಲಂಬಿಸಿದೆ' ಅನ್ನುವುದು ಮೊದಲು ಬರುತ್ತದೆ. ಯಾವುದರ ಮೇಲೆ? ಒಂದು ಕ್ಷಣ ಕಾಯಬೇಕು. ದೇಶವೋ ದೇವರೋ ಪ್ರೇಮವೋ ಬರುತ್ತೆ ಅಂತ ಕಾದವನ ಮುಂದೆ ಒಂದು ಗಾಡಿ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹಾಗಾಗಿ ಕೋಳಿಯಿಂದ ಶುರುವಾಗಿ 'ಎಷ್ಟೊಂದು'ಗೆ ಹೋಗಿ ಮುಗಿಯುತ್ತೇವೆ. ಮುಗಿಯುವಾಗ ಅದು ಉಪದೇಶದ ಹಾಗೆ ಕೇಳುತ್ತದೆ. ವಿಲಿಯಮ್ಸ್‌ಗೆ ಕೊನೆಯಲ್ಲಿ ಬೇಕಿದ್ದದ್ದು ಕೋಳಿ.

ಹಾಗಾಗಿ ಎರಡನೇ ಪ್ರಯತ್ನ:

ಎಷ್ಟೊಂದು ಇದೆ ಇದನ್ನೇ
ನೆಚ್ಚಿ

ಒಂದು ಕೆಂಪು ಕೈ
ಗಾಡಿ

ಮೈಗೆ ಮೆರುಗಿತ್ತ ಮಳೆ
ನೀರು

ಅದರ ಪಕ್ಕ ಬಿಳಿ
ಕೋಳಿ

ಮೂಲದಲ್ಲಿ ಹದಿನಾರು ಪದ. ಮೂರು ಪದದ ಒಂದು ಸಾಲು, ಅದರ ಕೆಳಗೆ ಒಂದೇ ಪದದ ಸಾಲು. ಹೀಗೆ ನಾಲ್ಕು ಸಲ. ಆ ಒಂಟಿ ಪದಗಳೆಲ್ಲ ಎರಡೆರಡು ಉಚ್ಚಾರದವು. ಇಲ್ಲೂ ಹದಿನಾರೇ ಪದ. ನೆಚ್ಚಿ, ಗಾಡಿ, ನೀರು, ಕೋಳಿ ಎರಡೆರಡು ಅಕ್ಷರದವೇ ಸಿಕ್ಕವು. ಅಷ್ಟು ಸಿಕ್ಕಿದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಮೋಸವೂ ಇದೆ. 'ಇದನ್ನೇ' ಅನ್ನುವ ಬೆರಳು ತೋರಿಸುವ ಪದ ಮೂಲದಲ್ಲಿ ಇಲ್ಲ. 'ಕೆಂಪು ಕೈ' ಅಂತ ಸಾಲು ಮುರಿದದ್ದರಿಂದ ಒಂದು ಕ್ಷಣ ಯಾರೋ ಕೊಲೆ ಮಾಡಿ ಬಂದ ಹಾಗೆ ಕಾಣುತ್ತದೆ. ಮೂಲದಲ್ಲಿ ಅಲ್ಲಿ ಕಾಣುವುದು 'ಕೆಂಪು ಗಾಲಿ'.

ಹೆಸರಿನದೂ ಒಂದು ತಕರಾರು. ವೀಲ್‌ಬ್ಯಾರೋ ಅಂದರೆ ಮುಂದೆ ಒಂದು ಗಾಲಿ, ಹಿಂದೆ ಎರಡು ಹಿಡಿ ಇರುವ ಗಾಡಿ. ಕಟ್ಟಡ ಕೆಲಸದವರು ಕಾಂಕ್ರೀಟ್ ಹೊರುತ್ತಾರಲ್ಲ, ಅದು. ತಳ್ಳುಗಾಡಿ ಅಂತ ಹಾಕಿದರೆ ಓದುಗರಿಗೆ ಬೀದಿಯಲ್ಲಿ ಸೊಪ್ಪು ಮಾರುವ ನಾಲ್ಕು ಗಾಲಿಯ ಗಾಡಿ ನೆನಪಾಗುತ್ತದೆ. ಮಾರ್ಷಲ್ ತರಕಾರಿ ಮಾರುತ್ತಿದ್ದವರೇ ಆದರೂ ಇದು ಆ ಗಾಡಿ ಅಲ್ಲ. ನಮ್ಮ ಅಜ್ಜಿ ಕಾಲದಲ್ಲಿ ಗೊಬ್ಬರ ಹೋಗುತ್ತಿದ್ದದ್ದು ತಲೆ ಮೇಲಿನ ಬುಟ್ಟಿಯಲ್ಲಿ, ಹಾಗಾಗಿ ಈ ಗಾಡಿಗೆ ಮುದ್ದಾದ ಹೆಸರು ಹುಟ್ಟಲೇ ಇಲ್ಲ.

ನಿಮ್ಮ ಮೊದಲ ಪ್ರಶ್ನೆಗೆ, ಇದು ಕವಿತೆ ಹೇಗಾಯಿತು ಅನ್ನುವುದಕ್ಕೆ, ನನ್ನ ಉತ್ತರ ಈ ಸಾಲು ಮುರಿಯುವುದರಲ್ಲೇ ಇದೆ. ನಮ್ಮ ಪತ್ರಿಕೆಯ ಕಚೇರಿಗೆ ಪ್ರತಿ ತಿಂಗಳು ಕಟ್ಟುಗಟ್ಟಲೆ ಕವಿತೆ ಬರುತ್ತವೆ. ಬಹಳಷ್ಟು ಗದ್ಯವನ್ನು ಹಾಳೆಯ ಅಗಲ ಕಡಿಮೆ ಮಾಡಿ ಬರೆದಂಥವು. ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎಲ್ಲ ಸಾಲನ್ನೂ ಸೇರಿಸಿ ಒಂದೇ ಉದ್ದಕ್ಕೆ ಓದುತ್ತೇನೆ. ಏನೂ ಕಳೆದುಹೋಗದಿದ್ದರೆ ಕವಿತೆ ವಾಪಸ್. ಈ ಕವಿತೆಯಲ್ಲಿ ಸಾಲು ಸೇರಿಸಿದ ತಕ್ಷಣ ಎಲ್ಲ ಕಳೆದುಹೋಗುತ್ತದೆ. ವೀಲ್‌ಬ್ಯಾರೋ ಅನ್ನುವ ಒಂದು ಪದವನ್ನು ಕವಿ ಎರಡು ಸಾಲಿಗೆ ಒಡೆಯುತ್ತಾರೆ. ಮೊದಲು ಗಾಲಿ ಕಾಣುತ್ತದೆ, ಆಮೇಲೆ ಗಾಡಿ. ಮೊದಲು ಬಿಳುಪು, ಆಮೇಲೆ ಕೋಳಿ. ದಿನಾ ನೋಡಿ ನೋಡಿ ಸವೆದ ಪದವನ್ನು ಬಿಚ್ಚಿ, ಬಿಡಿ ಭಾಗಗಳನ್ನು ಒರೆಸಿ, ಮತ್ತೆ ಜೋಡಿಸಿದ ಹಾಗೆ. ದೊಡ್ಡಕ್ಷರ ಇಲ್ಲ, ಅಲ್ಪವಿರಾಮ ಇಲ್ಲ. ಬೇಗ ಓದೋಣ ಅಂದರೂ ಆಗುವುದಿಲ್ಲ, ಪ್ರತಿ ಹೆಜ್ಜೆಗೂ ಒಂದು ಮೆಟ್ಟಿಲು ಇಳಿಯಬೇಕು.

ಇನ್ನೊಂದು ವಿಷಯ. ಇಂಗ್ಲಿಷಿನ 'ಡಿಪೆಂಡ್' ಪದದ ಬುಡದಲ್ಲಿ ಲ್ಯಾಟಿನ್‌ನ 'ತೂಗು' ಇದೆ. ಚಿನ್ನದಂಗಡಿಯ ಪೆಂಡೆಂಟ್, ಗಡಿಯಾರದ ಪೆಂಡ್ಯುಲಮ್, ಎಲ್ಲ ಅದೇ ಕುಟುಂಬ. ನಮ್ಮ 'ಅವಲಂಬಿಸು' ನೋಡಿ. ಸಂಸ್ಕೃತದ 'ಲಂಬ್' ಅಂದರೂ ತೂಗುವುದೇ, ನೇತಾಡುವುದೇ. ಮೂಲದಲ್ಲಿ 'ಡಿಪೆಂಡ್ಸ್' ಆದ ಮೇಲೆ ಸಾಲು ಮುರಿದು 'ಅಪಾನ್' ಅನ್ನುವ ಪದ ಒಂದೇ ಕೆಳಗೆ ತೂಗುತ್ತಿದೆ. ಹಾಗೆ ನೋಡಿದರೆ 'ಅವಲಂಬಿಸಿದೆ' ಅನ್ನುವುದೇ ತಕ್ಕ ಪದ. ನಾನು ಬಿಟ್ಟು 'ನೆಚ್ಚಿ' ಹಾಕಿದ್ದೇನೆ. ಅವಲಂಬಿಸಿದೆ ಅಂದ ಕೂಡಲೇ ಬ್ಯಾಂಕ್ ಅರ್ಜಿಯ 'ಅವಲಂಬಿತರ ಸಂಖ್ಯೆ' ಕಾಲಂ ಕಣ್ಣ ಮುಂದೆ ಬರುತ್ತೆ, ಏನು ಮಾಡಲಿ.

ಈಗ ನಿಮ್ಮ ಕೋಳಿಗಳು. ನೀವು ಬರೆದದ್ದನ್ನು ಹಾಗೇ ಹಾಕುತ್ತೇನೆ: 'ನಮ್ಮ ಮನೆಯಲ್ಲಿ ಹನ್ನೆರಡು ಕೋಳಿ ಇವೆ. ಜೋರು ಮಳೆ ಬಂದರೆ ಒಂದೂ ಅಂಗಳದಲ್ಲಿ ಇರಲ್ಲ, ಕೊಟ್ಟಿಗೆ ಸೂರಿನ ಕೆಳಗೆ ನಿಲ್ಲುತ್ತವೆ. ಆದ್ದರಿಂದ ಇದು ಮಳೆ ನಿಂತ ಮೇಲಿನ ಹೊತ್ತು. ಹುಳ ಹೆಕ್ಕೋಕೆ ಹೊರಗೆ ಬಂದಿವೆ. ಇದನ್ನು ನೋಟ್ಸ್‌ನಲ್ಲಿ ಯಾಕೆ ಬರೆದಿಲ್ಲ?'

ಈ ಕವಿತೆಯ ಬಗ್ಗೆ ಓದಿದ್ದು ಕಡಿಮೆ ಏನಲ್ಲ. ಈ ಮಾತು ನನಗೆ ಹೊಳೆದಿರಲಿಲ್ಲ. ಆದರೆ ಒಂದು ಸಿಕ್ಕು ಇದೆ. ಕವಿಯೇ 1933ರಲ್ಲಿ ಜೋರು ಮಳೆ ಸುರಿಯುತ್ತಿತ್ತು, ಕೋಳಿಗಳು ಅದರಲ್ಲೇ ಓಡಾಡುತ್ತಿದ್ದವು ಅಂದಿದ್ದಾರಲ್ಲ. ಹಾಗಾದರೆ ನಿಮ್ಮದು ತಪ್ಪೇ?

ಅಲ್ಲ ಅನ್ನುತ್ತೇನೆ ನಾನು. ಕವಿ ಕಂಡದ್ದು ಒಂದು, ಕವಿತೆ ಹೇಳುವುದು ಇನ್ನೊಂದು. ಕವಿತೆಯಲ್ಲಿ ಮಳೆ ಸುರಿಯುತ್ತಿಲ್ಲ. ಮಳೆ'ನೀರು' ಇದೆ. ಅದೂ ಗಾಡಿಗೆ 'ಗ್ಲೇಜ್' ಆಗಿ. ಗ್ಲೇಜ್ ಅಂದರೆ ಪಿಂಗಾಣಿ ಪಾತ್ರೆಗೆ ಕೊಡುತ್ತಾರಲ್ಲ, ಆ ಗಾಜಿನಂಥ ಹೊಳಪಿನ ಲೇಪ. ಸುರಿಯುವ ಮಳೆಯಲ್ಲಿ ಗಾಡಿಯ ಮೈ ಕುಣಿಯುತ್ತಿರುತ್ತದೆ, ಹನಿ ಸಿಡಿಯುತ್ತಿರುತ್ತವೆ. ಅಂಥ ನಿಶ್ಚಲ ಮೆರುಗು ಬರಬೇಕಾದರೆ ಮಳೆ ನಿಂತಿರಬೇಕು. ಸಾಲು ಮುರಿದ ಜಾಗ ನೋಡಿ: 'ಮಳೆ' ಅಂತ ಒಂದು ಸಾಲು ಮುಗಿಯುತ್ತದೆ, ಇನ್ನೂ ಸುರಿಯುತ್ತಿದೆ ಅಂದುಕೊಳ್ಳುತ್ತೇವೆ. ಕೆಳಗೆ ಇಳಿದರೆ ಬರೀ 'ನೀರು'. ಆ ಮೆಟ್ಟಿಲಿಳಿಯುವಷ್ಟರಲ್ಲಿ ಮಳೆ ನಿಂತಿತು. ನಿಮ್ಮ ಕೊಟ್ಟಿಗೆಯ ಕೋಳಿಗಳು ನನ್ನಿಂದ ಈ ಸಾಲನ್ನು ಓದಿಸಿದವು. ವಿಲಿಯಮ್ಸ್ ಬದುಕಿದ್ದು ಬಂದು 'ಇಲ್ಲಪ್ಪ, ಅವತ್ತು ಮಳೆ ಇತ್ತು' ಅಂದರೂ ನಾನು ಕೇಳುವುದಿಲ್ಲ. ಅವತ್ತಿನದು ಅವರ ನೆನಪು. ಕವಿತೆ ಹತ್ತು ವರ್ಷ ಮೊದಲೇ, 1923ರಲ್ಲೇ ಅಚ್ಚಾಗಿ ಅವರ ಕೈ ಬಿಟ್ಟಿತ್ತು.

ಅಚ್ಚಾದ ಕಥೆಯನ್ನೂ ಸ್ವಲ್ಪ ಹೇಳಬೇಕು. 'ಸ್ಪ್ರಿಂಗ್ ಅಂಡ್ ಆಲ್' ಅನ್ನುವ ಪುಸ್ತಕ. ಪ್ಯಾರಿಸ್‌ನ ಒಂದು ಚಿಕ್ಕ ಪ್ರಕಾಶನ ತಂದದ್ದು, ಅಚ್ಚಾದದ್ದು 300 ಪ್ರತಿಯಷ್ಟು. ಅದರಲ್ಲಿ ಗದ್ಯ, ಪದ್ಯ ಕಲಸಿ ಇತ್ತು. ಅಧ್ಯಾಯಗಳ ಸಂಖ್ಯೆಯನ್ನು ಬೇಕೆಂದೇ ಹಿಂದುಮುಂದು ಮಾಡಿದ್ದರು. ಅಲ್ಲಿ ಈ ಕವಿತೆಗೆ ಹೆಸರೇ ಇರಲಿಲ್ಲ, ಬರೀ 22 ಅನ್ನುವ ಅಂಕಿ, ಅದೂ ರೋಮನ್‌ನಲ್ಲಿ. ಶೀರ್ಷಿಕೆ ಆಮೇಲೆ ಬಂತು. ನನ್ನನ್ನು ಕೇಳಿದರೆ ಬರಬಾರದಿತ್ತು. 'ಕೆಂಪು ಕೈಗಾಡಿ' ಅಂತ ಮೇಲೆ ಬೋರ್ಡು ಹಾಕಿದ ಮೇಲೆ ಆ ಕಾಯುವ ಕ್ಷಣ ಎಲ್ಲಿ ಉಳಿಯಿತು?

ಅದರ ಹಿಂದಿನ ವರ್ಷ, 1922ರಲ್ಲಿ, ಕವಿ ಟಿ.ಎಸ್. ಎಲಿಯಟ್‌ರ ದೀರ್ಘ ಕವಿತೆ 'ದ ವೇಸ್ಟ್ ಲ್ಯಾಂಡ್' ಬಂದಿತ್ತು. ಹಲವು ಭಾಷೆಯ ಉಲ್ಲೇಖ, ಉಪನಿಷತ್ತಿನ 'ದತ್ತ, ದಯಧ್ವಂ, ದಮ್ಯತ', ಕೊನೆಗೆ ಶಾಂತಿ ಮಂತ್ರ, ಪುಸ್ತಕವಾಗಿ ಬಂದಾಗ ಹಿಂದೆ ಟಿಪ್ಪಣಿ ಬೇರೆ. ವಿಲಿಯಮ್ಸ್‌ಗೆ ಅದು ಸಿಡಿಲು ಬಡಿದ ಹಾಗೆ ಆಯಿತು. ಎಲಿಯಟ್ ಕಾವ್ಯವನ್ನು ಮತ್ತೆ ತರಗತಿ ಕೋಣೆಗೆ ಎಳೆದುಕೊಂಡು ಹೋದರು ಅಂತ ಮುಂದೆ ಆತ್ಮಕಥೆಯಲ್ಲಿ ಗೊಣಗಿದ್ದಾರೆ. ನಗು ಬರುವುದು ಏನೆಂದರೆ, ತರಗತಿ ಬೇಡ ಅಂದ ಮನುಷ್ಯನ ಗಾಡಿಯೂ ಈಗ ತರಗತಿಯಲ್ಲೇ ನಿಂತಿದೆ, ಅದಕ್ಕೂ ನೋಟ್ಸ್.

ನಮ್ಮಲ್ಲಿ ಇದು ಇನ್ನೂ ಜಾಸ್ತಿ. ಕನ್ನಡದ ನವ್ಯ ಕಾವ್ಯಕ್ಕೆ ಹತ್ತಿರವಾದವರು ಎಲಿಯಟ್. ಕವಿ ಗೋಪಾಲಕೃಷ್ಣ ಅಡಿಗರ 'ಭೂಮಿಗೀತ' ಓದಿ ಬೆಳೆದವರು ನಾವು. ಬಾವಿ ಅಂದರೆ ಬಾವಿ ಅಲ್ಲ, ಹಾವು ಅಂದರೆ ಹಾವು ಅಲ್ಲ, ಹಿಂದೆ ಏನೋ ಇದೆ ಅಂತ ಅಗೆಯುವ ಅಭ್ಯಾಸ ನಮಗೆ ಆಗಿಹೋಯಿತು. ಅಡಿಗರಲ್ಲಿ ಅಗೆದರೆ ಸಿಗುತ್ತದೆ. ಅದೇ ಗುದ್ದಲಿ ಹಿಡಿದು ಇಲ್ಲಿಗೆ ಬಂದರೆ ಕೋಳಿ ಓಡಿಹೋಗುತ್ತವೆ. ಕೆಂಪು ಅಂದರೆ ಜೀವವಂತೆ. ಯಾಕೆ? ಅಪಾಯ ಯಾಕಲ್ಲ? ಬಿಳಿ ಅಂದರೆ ಪಾವಿತ್ರ್ಯವಂತೆ. ಕೋಳಿ ಸಾಕಿದವರು ಯಾರಾದರೂ ಹಾಗೆ ಹೇಳುತ್ತಾರಾ? ಗಾಡಿಗೆ ಕೆಂಪು ಬಣ್ಣ ಬಳಿದಿತ್ತು, ಅದಕ್ಕೇ ಕೆಂಪು. ಆ ಕೆಂಪು ಒದ್ದೆಯಾದಾಗ ಇನ್ನೂ ಕೆಂಪಾಯಿತು, ಪಕ್ಕದಲ್ಲಿ ಬಿಳಿ ಬಂದದ್ದರಿಂದ ಮತ್ತಷ್ಟು. ಚಿತ್ರ ಬರೆಯುವವರ ಲೆಕ್ಕ ಇದು. ವಿಲಿಯಮ್ಸ್ ತಾಯಿ ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತವರು. ಚಿತ್ರಕಾರ ಚಾರ್ಲ್ಸ್ ಡೆಮತ್ ಹಳೆಯ ಗೆಳೆಯ. ಜೊತೆಗೆ ನಾಲ್ಕು ದಶಕ ಡಾಕ್ಟರ್ ಕೆಲಸ. ಮನೆ ಮನೆಗೆ ಹೋಗಿ ನಾಲಗೆಯ ಬಣ್ಣ, ಕಣ್ಣಿನ ಬಿಳುಪು ನೋಡುತ್ತಿದ್ದವರು. ಹಳದಿ ಕಣ್ಣು ಕಂಡರೆ ಹಳದಿ ಯಾವುದರ ಸಂಕೇತ ಅಂತ ಡಾಕ್ಟರು ಯೋಚನೆ ಮಾಡುತ್ತಾ ಕೂರುವುದಿಲ್ಲ. ಕಾಮಾಲೆ ಅನ್ನುತ್ತಾರೆ.

ಹಾಗಾದರೆ ಏನು ಅವಲಂಬಿಸಿದೆ? ನಿಮ್ಮ ಪತ್ರದಲ್ಲೇ ಒಂದು ಉತ್ತರ ಇದೆ. 'ನಮ್ಮ ತೋಟಕ್ಕೆ ಗೊಬ್ಬರ ಹೋಗೋದೇ ಅದರಲ್ಲಿ, ಗಾಡಿ ಇಲ್ಲದಿದ್ದರೆ ನನ್ನ ಬೆನ್ನು ಹೋಗುತ್ತೆ' ಅಂದಿದ್ದೀರಿ. ನೋಟ್ಸ್‌ನ ಪುನರ್ಜನ್ಮಕ್ಕಿಂತ ನಿಮ್ಮ ಬೆನ್ನು ಗಟ್ಟಿ ಉತ್ತರ. ಮಾರ್ಷಲ್ ಅವರ ಹೊಟ್ಟೆಪಾಡೂ ಅಂಥದೇ. ಆದರೆ ಅಷ್ಟಕ್ಕೇ ನಿಲ್ಲಿಸಲು ಕವಿತೆ ಬಿಡುವುದಿಲ್ಲ. ಹೊಟ್ಟೆಪಾಡಿಗೆ ಗಾಡಿ ಸಾಕು. ಕೆಂಪಾಗಿರಬೇಕಿಲ್ಲ, ಮಿರುಗಬೇಕಿಲ್ಲ. ಮೆರುಗಿನಿಂದ ಗೊಬ್ಬರ ಸಾಗುವುದಿಲ್ಲವಲ್ಲ. ಇಲ್ಲಿ ಆ ಮೆರುಗೂ ಲೆಕ್ಕಕ್ಕೆ ಬಂದಿದೆ, ಕೋಳಿಯ ಬಿಳುಪೂ ಬಂದಿದೆ. ಈ ಕವಿತೆ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದೆ, ಈ ವಿವರಗಳ ಮೇಲೆ ಅವಲಂಬಿಸಿರುವುದು ಕವಿತೆಯೇ ಅನ್ನುವವರೂ ಇದ್ದಾರೆ. ಜಾಣ ಮಾತು. ನನಗೆ ತೀರಾ ಜಾಣ ಅನ್ನಿಸುತ್ತದೆ.

ನನಗೆ ಕೇಳಿಸುವುದು 'ಎಷ್ಟೊಂದು' ಅನ್ನುವ ಪದದ ದನಿ. ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಬಂದ ತಾಯಿ 'ಎಷ್ಟೊಂದು ಹೇಳೋದಿತ್ತು' ಅನ್ನುತ್ತಾಳೆ. ಏನೇನು ಹೇಳೋದಿತ್ತು, ಪಟ್ಟಿ ಕೊಡು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಅವಳ ಹತ್ತಿರ ಪಟ್ಟಿ ಇಲ್ಲ. ಆದರೂ ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಆಲಂಕಾರಿಕರು, ಅಂದರೆ ಹಳೆಯ ಕಾವ್ಯಶಾಸ್ತ್ರ ಬರೆದವರು, ರಸದ ಹೆಸರನ್ನು ಬಾಯಿಬಿಟ್ಟು ಹೇಳುವುದನ್ನು ದೋಷ ಅಂದರು. ಶೋಕ ಆಯಿತು ಅಂತ ಬರೆದರೆ ಶೋಕ ಹುಟ್ಟುವುದಿಲ್ಲ, ಅದಕ್ಕೆ ಕಾರಣವಾದದ್ದನ್ನು ತೋರಿಸು ಅಂದರು. ವಿಲಿಯಮ್ಸ್ ತೋರಿಸಿದ್ದಾರೆ. ಆದರೆ ತೋರಿಸುವ ಮೊದಲು ನಾಲಗೆ ತಡೆಯದೆ ಒಂದು ಮಾತು ಹೊರಗೆ ಬಂದುಬಿಟ್ಟಿದೆ. ಅದೇ ಈ 'ಎಷ್ಟೊಂದು'. ಅದನ್ನು ತೆಗೆದರೆ ಉಳಿಯುವುದು ಚೆಂದದ ಒಂದು ಚಿತ್ರ. ಇಟ್ಟುಕೊಂಡರೆ ಅದನ್ನು ನೋಡುತ್ತಾ ನಿಂತ ಮನುಷ್ಯನೂ ಅಲ್ಲಿರುತ್ತಾನೆ. ಕವಿತೆಯಲ್ಲಿ 'ನಾನು' ಅಂತ ಎಲ್ಲೂ ಇಲ್ಲ. ಆದರೂ ಅವನ ಉಸಿರು ಸ್ವಲ್ಪ ಬಿಗಿಯಾದದ್ದು ಗೊತ್ತಾಗುತ್ತದೆ, ಅಲ್ವಾ?

ಪರೀಕ್ಷೆಯಲ್ಲಿ ಮಗಳು ಏನು ಬರೆಯಬೇಕು ಅಂತಲೂ ಕೇಳಿದ್ದೀರಿ. ನೋಟ್ಸ್‌ನಲ್ಲಿರುವುದನ್ನು ಬರೆಯಲಿ, ಅಂಕ ಅದಕ್ಕೇ. ಆದರೆ ಮಗುವಿನ ಕಥೆ ಬಿಡಲಿ. ಜಾಗ ಉಳಿದರೆ, ಕೋಳಿ ಹೊರಗೆ ಬಂದಿವೆ ಅಂದರೆ ಮಳೆ ನಿಂತಿದೆ ಅಂತ ಒಂದು ಸಾಲು ಸೇರಿಸಲಿ. ಅದಕ್ಕೆ ಅಂಕ ಕಡಿದರೆ ಬೈಗುಳವನ್ನು ಈ ವಿಳಾಸಕ್ಕೇ ಕಳಿಸಿ.

ನಿಮ್ಮ ಗಾಡಿಯ ಟಯರು ಪಂಕ್ಚರ್ ಆಗಿ ಮೂರು ತಿಂಗಳಿಂದ ಹಲಸಿನ ಮರದ ಕೆಳಗೆ ಮಗುಚಿ ಬಿದ್ದಿದೆ, ಅದರ ಮೇಲೆ ಕೋಳಿ ಹತ್ತಿ ಕೂರುತ್ತವೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದರ ಬಣ್ಣ ಯಾವುದು ಅಂತ ಬರೆದಿಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.

— ಸಂ.